ಸೀಜಿನ್‌ಕೋಟ್ ಸೌಧ: ಒಂದು ಔಚಿತ್ಯವಿಚಾರ

ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಪ್ರತಿಪಾದಿಸಿದನು. ಅಲಂಕಾರವು ತಾನು ಎಷ್ಟೇ ಸುಂದರವಾಗಿದ್ದರೂ ತಕ್ಕ ಸ್ಥಾನದಲ್ಲಿ ನಿಂತಾಗ ಮಾತ್ರ ಅಲಂಕಾರವೆನಿಸುವುದು; ಸ್ಥಾನ ತಪ್ಪಿದೊಡನೆ ಅದೇ ಭಾರವಾಗುವುದು. ಇದು ಆತನ ಮತದ ಸಾರಾಂಶ. ಈ ವಿಚಾರವನ್ನು ಕಾವ್ಯಕ್ಕೆ ಮಾತ್ರವೇ ಮೀಸಲಿಡಬೇಕಾದ ಕಾರಣವಿಲ್ಲ. ಕಟ್ಟಡದಲ್ಲಿಯೂ ಅಂಗಗಳಿವೆ, ಆ ಅಂಗಗಳನ್ನು ಹಿಡಿದು ನಿಲ್ಲಿಸುವ ಅಂಗಿಯೊಂದಿದೆ, ಇವೆರಡರ ಸಂಬಂಧವು ಸರಿಯಾಗಿದೆಯೇ ಎಂದು ಪರೀಕ್ಷಿಸುವ ಸಹೃದಯನಿಗೂ ಅಲ್ಲಿ ಎಡೆಯಿದೆ. ಅದರಲ್ಲಿಯೂ ಒಂದು ದೇಶದ ಶಿಲ್ಪರೂಪಗಳನ್ನು ಮತ್ತೊಂದು ದೇಶದವರು ಎತ್ತಿಕೊಂಡು ಹೋಗಿ ತಮ್ಮ ನೆಲದ ಮೇಲೆ ನಿಲ್ಲಿಸಿದಾಗ ಈ ಪರೀಕ್ಷೆಯು ಅತ್ಯಾವಶ್ಯಕವಾಗುತ್ತದೆ. ಅಂತಹ ಪರೀಕ್ಷೆಗೆ ಇಂಗ್ಲೆಂಡಿನ ಸೀಜಿನ್‌ಕೋಟ್ ಸೌಧಕ್ಕಿಂತ ಯೋಗ್ಯವಾದ ಉದಾಹರಣೆಯು ದೊರೆಯುವುದು ಕಷ್ಟ.

ಈ ಸೌಧವು ಗ್ಲಾಸ್ಟರ್‌ಷೈರ್ ಪ್ರಾಂತದ ಕಾಟ್ಸ್‌ವೋಲ್ಡ್ ಬೆಟ್ಟಗಳ ಇಳಿಜಾರಿನಲ್ಲಿದೆ. ಆ ಸೀಮೆಯು ಕುರಿಗಾವಲಿಗೂ ಜೇನುಬಣ್ಣದ ಕಲ್ಲಿಗೂ ಹೆಸರಾದುದು. ಸುತ್ತಲಿನ ಹಳ್ಳಿಗಳ ಮನೆಗಳೂ ಚರ್ಚುಗಳೂ ಅದೇ ಕಲ್ಲಿನಿಂದ, ಕಡಿದಾದ ಮಾಡುಗಳಿಂದ, ಯಾವ ಆಡಂಬರವೂ ಇಲ್ಲದೆ ಕಟ್ಟಲ್ಪಟ್ಟಿರುವವು. ಇವುಗಳ ನಡುವೆ, ಮರಗಳ ಸಾಲನ್ನು ದಾಟಿದೊಡನೆ, ತಾಮ್ರದ ಹೊದಿಕೆಯು ಕಿಲುಬುಗಟ್ಟಿ ಹಸುರಾಗಿರುವ ಈರುಳ್ಳಿಯಾಕಾರದ ಗುಮ್ಮಟವೊಂದು ಕಾಣಿಸಿಕೊಳ್ಳುತ್ತದೆ. ಅದರ ಕೆಳಗೆ ಮೂಲೆಮೂಲೆಗೆ ಪುಟ್ಟ ಛತ್ರಿಗಳು. ಗೋಡೆಯ ನೆತ್ತಿಯಿಂದ ಬಹುದೂರ ಚಾಚಿಕೊಂಡು ಕಲ್ಲಿನ ಚಾಚುಗಳ ಮೇಲೆ ನಿಂತಿರುವ ಛಜ್ಜಾ. ನವಿಲಿನ ಗರಿ ಬಿಚ್ಚಿದಂತಿರುವ ಕಮಾನುಗಳ ಕಿಟಕಿಗಳು. ಒಂದು ಪಾರ್ಶ್ವದಿಂದ ಬಿಲ್ಲಿನಂತೆ ಬಾಗಿ ಹೊರಟ ಗಾಜಿನ ಉದ್ಯಾನಶಾಲೆ. ಆಗ್ರಾ ದಿಲ್ಲಿಗಳ ಕಟ್ಟಡಗಳನ್ನು ಕಂಡವರಿಗೆ ಇವೆಲ್ಲ ಪರಿಚಿತವಾದ ರೂಪಗಳೇ. ಆದರೆ ಕಲ್ಲು ಆ ನೆಲದ್ದು, ಬೆಳಕು ಆ ಆಕಾಶದ್ದು.

ಇದರ ಚರಿತ್ರೆಯನ್ನು ಸಂಕ್ಷೇಪವಾಗಿ ಅರಿಯದೆ ವಿಮರ್ಶೆಯು ಮುಂದುವರಿಯಲಾರದು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಕರ್ನಲ್ ಜಾನ್ ಕಾಕರೆಲ್ ಎಂಬಾತನು 1795ರಲ್ಲಿ ಈ ಜಮೀನನ್ನು ಕೊಂಡನು. 1798ರಲ್ಲಿ ಆತನು ತೀರಿಕೊಂಡ ಮೇಲೆ ಅದು ಸೋದರನಾದ ಚಾರ್ಲ್ಸ್ ಕಾಕರೆಲ್ಲನ ಕೈಗೆ ಬಂದಿತು. ಚಾರ್ಲ್ಸನು ಬಂಗಾಳದಲ್ಲಿ ಕಂಪನಿಯ ನೌಕರಿಯಲ್ಲಿದ್ದು ಐಶ್ವರ್ಯವಂತನಾಗಿ ಹಿಂದಿರುಗಿದವನು. 1805ರ ಸುಮಾರಿಗೆ ಹೊಸ ಸೌಧದ ಕೆಲಸವು ನಡೆಯಿತು. ಅದನ್ನು ಯೋಜಿಸಿದವನು ಮತ್ತೊಬ್ಬ ಸೋದರನಾದ ಸ್ಯಾಮ್ಯುಯೆಲ್ ಪೆಪಿಸ್ ಕಾಕರೆಲ್. ಈತನು ಕಂಪನಿಯ ಕಟ್ಟಡಗಳ ಸರ್ವೇಯರ್ ಆಗಿದ್ದರೂ ಭಾರತದ ನೆಲವನ್ನು ಮೆಟ್ಟಿದವನಲ್ಲ. ಭಾರತವನ್ನು ಕಣ್ಣಾರೆ ಕಂಡು ಕೈಯಾರೆ ಬರೆದಿದ್ದ ಚಿತ್ರಕಾರನಾದ ಥಾಮಸ್ ಡೇನಿಯೆಲ್ಲನು ಸೌಧದ ವಿಷಯದಲ್ಲಿ ಸಲಹೆಗಾರನಾಗಿಯೂ ಉದ್ಯಾನದ ಶಿಲ್ಪಗಳ ವಿಷಯದಲ್ಲಿ ಮುಖ್ಯ ಕರ್ತೃವಾಗಿಯೂ ಒದಗಿದನು. ಉದ್ಯಾನಶಾಸ್ತ್ರದಲ್ಲಿ ಹೆಸರಾಂತ ಹಂಫ್ರಿ ರೆಪ್ಟನ್ನನ ಅಭಿಪ್ರಾಯವನ್ನೂ ಕೇಳಲಾಯಿತು.

ಈ ಡೇನಿಯೆಲ್ಲನ ಸಂಚಾರವು ಕನ್ನಡ ವಾಚಕರಿಗೆ ವಿಶೇಷವಾಗಿ ಅರಿಯತಕ್ಕದ್ದು. ಆತನು ತನ್ನ ಸಹೋದರನ ಮಗನಾದ ವಿಲಿಯಮನೊಡನೆ 1786ರಲ್ಲಿ ಕಲ್ಕತ್ತೆಗೆ ಬಂದಿಳಿದನು. ಇಬ್ಬರೂ ಗಂಗಾತೀರವನ್ನು ಹಿಡಿದು ಆಗ್ರಾ, ದಿಲ್ಲಿ ಮತ್ತು ಹಿಮಾಲಯದ ಗಡವಾಲದವರೆಗೆ ಸಂಚರಿಸಿದರು. ಟಿಪ್ಪೂ ಸುಲ್ತಾನನಿಗೂ ಕಂಪನಿಗೂ ನಡೆದ ಮೂರನೆಯ ಯುದ್ಧವು 1792ರಲ್ಲಿ ಮುಗಿದ ತರುವಾಯ ಮದರಾಸಿನಿಂದ ಹೊರಟು, ಕಾರ್ನ್‌ವಾಲಿಸನ ಸೈನ್ಯವು ನಡೆದ ದಾರಿಯಲ್ಲಿಯೇ ನಡೆದು, ಬೆಂಗಳೂರನ್ನೂ ಮೈಸೂರು ಸೀಮೆಯ ಗಿರಿದುರ್ಗಗಳನ್ನೂ ಚಿತ್ರಿಸಿದರು. ಆ ಮೇಲೆ ಮಧುರೆ, ತಂಜಾವೂರು, ಮಾಮಲ್ಲಪುರಗಳನ್ನು ನೋಡಿಕೊಂಡು, 1793ರಲ್ಲಿ ಮುಂಬಯಿಯ ಸಮೀಪದ ಎಲಿಫೆಂಟಾ ಗುಹೆಗಳನ್ನು ಕಂಡು, 1794ರಲ್ಲಿ ಸ್ವದೇಶವನ್ನು ಸೇರಿದರು. ‘ಓರಿಯಂಟಲ್ ಸೀನರಿ’ ಎಂಬ ಹೆಸರಿನಿಂದ 1795ರಿಂದ 1808ರವರೆಗೆ ಪ್ರಕಟವಾದ 144 ಚಿತ್ರಗಳ ಸಂಪುಟಗಳು ಆ ಶ್ರಮದ ಫಲ. ಕ್ಯಾಮೆರಾ ಅಬ್ಸ್‌ಕ್ಯೂರಾ ಎಂಬ ಕತ್ತಲೆಪೆಟ್ಟಿಗೆಯ ಸಹಾಯದಿಂದ ರೇಖೆ ತಪ್ಪದಂತೆ ಬರೆದ ಆ ಚಿತ್ರಗಳಲ್ಲಿ ಗೋಪುರಗಳೂ ಗುಮ್ಮಟಗಳೂ ಯಥಾವತ್ತಾಗಿ ಮೂಡಿಬಂದಿವೆ. ಇಂಗ್ಲೆಂಡಿನ ವಿದ್ಯಾವಂತರ ಕಣ್ಣಿಗೆ ಭಾರತದ ಕಟ್ಟಡಗಳ ನಿಜವಾದ ಆಕಾರವು ಬಹುಮಟ್ಟಿಗೆ ಇವುಗಳಿಂದಲೇ ಪರಿಚಯವಾಯಿತು.

ಹೀಗೆ ಸೀಜಿನ್‌ಕೋಟ್ ಎಂಬುದು ಚಿತ್ರದಿಂದ ಹುಟ್ಟಿದ ಕಟ್ಟಡ. ಅದರ ಗುಣಗಳೂ ದೋಷಗಳೂ ಈ ಒಂದು ಮಾತಿನಿಂದಲೇ ಅರ್ಥವಾಗುವವು.

ಚಿತ್ರವು ಏನನ್ನು ಕೊಡಬಲ್ಲುದು? ಕಟ್ಟಡದ ಮುಖವನ್ನು ಕೊಡಬಲ್ಲುದು, ನೆರಳುಬೆಳಕುಗಳನ್ನು ಕೊಡಬಲ್ಲುದು, ಆಕಾಶದ ಎದುರಿಗೆ ನಿಂತ ಶಿಖರದ ಗೆರೆಯನ್ನು ಕೊಡಬಲ್ಲುದು. ಆದರೆ ಆ ಗೋಡೆಯ ಒಳಗೆ ಮನುಷ್ಯರು ಹೇಗೆ ಕೂಡುವರು, ಯಾವ ಹೊತ್ತಿನಲ್ಲಿ ಎಲ್ಲಿಗೆ ಸರಿಯುವರು, ಯಾವ ಅಳತೆಯಿಂದ ಯಾವ ಅಳತೆಯು ಹುಟ್ಟಿತು ಎಂಬುದನ್ನು ಅದು ಹೇಳಲಾರದು. ಭಾರತದ ಶಿಲ್ಪಶಾಸ್ತ್ರವು ಪ್ರಾಸಾದವನ್ನು ದೇಹವೆಂದು ಭಾವಿಸುತ್ತದೆ. ಅಧಿಷ್ಠಾನ, ಪಾದ, ಪ್ರಸ್ತರ, ಗ್ರೀವ, ಶಿಖರ ಎಂಬ ಹೆಸರುಗಳೇ ಇದಕ್ಕೆ ಸಾಕ್ಷಿ. ಗರ್ಭಗೃಹದ ಅಳತೆಯಿಂದ ಭಿತ್ತಿಯೂ ಭಿತ್ತಿಯ ಅಳತೆಯಿಂದ ಶಿಖರವೂ ಬೆಳೆಯತಕ್ಕದ್ದು. ಎಂದರೆ ಹೊರಗಿನದು ಒಳಗಿನದರ ಪರಿಣಾಮವಾಗಿರತಕ್ಕದ್ದು. ಮೊಗಲರ ಅರಮನೆಗಳ ಕ್ರಮವು ಬೇರೆಯಾದರೂ ಅಲ್ಲಿಯೂ ತೆರೆದ ಪಡಸಾಲೆ, ಅಂಗಳ, ನೀರಿನ ಕಾಲುವೆಗಳೇ ಪ್ರಧಾನ. ಬಾಳಿನ ರೀತಿಯಿಂದ ಕಟ್ಟಡದ ರೀತಿಯು ಹುಟ್ಟಿದುದು.

ಸೀಜಿನ್‌ಕೋಟ್ ಸೌಧದ ಹೊಸ್ತಿಲನ್ನು ದಾಟಿದರೆ ಈ ಸಂಬಂಧವು ಕಡಿದುಹೋಗುತ್ತದೆ. ಹೊರಗಿನ ಮೊಗಲ್ ಮುಖದ ಹಿಂದೆ ಒಳಗಿರುವುದು ಶುದ್ಧ ಗ್ರೀಕ್ ರೋಮನ್ ಸಂಪ್ರದಾಯದ ಇಂಗ್ಲಿಷ್ ಶ್ರೀಮಂತರ ಮನೆ. ಒಂದೇ ಸಾಲಾಗಿ ಹೊರಟು ಎರಡಾಗಿ ಕವಲೊಡೆದು ಹಿಂದಿರುಗುವ ಭವ್ಯವಾದ ಮೆಟ್ಟಿಲುಗಳಿವೆ. ಅವುಗಳನ್ನು ಹೊತ್ತ ಎರಕದ ಕಬ್ಬಿಣದ ತೊಲೆಗಳು ಆ ಕಾಲದ ಇಂಗ್ಲೆಂಡಿನ ಹೊಸ ಕೈಗಾರಿಕೆಯ ಕುರುಹುಗಳು. ಕಂಬಗಳೂ ಗಾರೆಯ ಅಲಂಕಾರಗಳೂ ಅಗ್ಗಿಷ್ಟಿಕೆಗಳೂ ಲಂಡನ್ನಿನ ಯಾವುದೇ ಶಿಷ್ಟಗೃಹದಲ್ಲಿ ಇರಬಹುದಾದಂಥವು. ಕಾಕರೆಲ್ಲನು ನುರಿತ ಸ್ಥಪತಿಯಾದುದರಿಂದ ಒಳಗಿನ ಕೆಲಸದಲ್ಲಿ ಕುಂದೇನೂ ಇಲ್ಲ. ಆದರೆ ಅದು ಬೇರೊಂದು ಮನೆ. ಹೊರಗಿನ ಮನೆಯು ಇದಕ್ಕೆ ಉಟ್ಟ ವಸ್ತ್ರವೇ ಹೊರತು ಚರ್ಮವಲ್ಲ. ಬಿಸಿಲಿನ ಝಳವನ್ನು ತಡೆಯುವುದಕ್ಕಾಗಿ ಹುಟ್ಟಿದ ಛಜ್ಜಾ ಇಲ್ಲಿ ಬಿಸಿಲನ್ನು ಹಾರೈಸುವ ದೇಶದಲ್ಲಿ ಕಿಟಕಿಗಳ ಮೇಲೆ ನೆರಳನ್ನು ಬೀರುತ್ತದೆ. ಗೋಡೆಯ ಮೇಲೆ ಮಳೆ ಬೀಳದಂತೆ ಕಾಯುವ ಅದರ ಎರಡನೆಯ ಕಾರ್ಯವು ಮಾತ್ರ ಆ ದೇಶಕ್ಕೆ ಒಪ್ಪುವುದು. ಛತ್ರಿಯು ಮೂಲದಲ್ಲಿ ಗಾಳಿಗೆ ಕೂಡುವ ಮಂಟಪ. ಇಲ್ಲಿ ಅದರಲ್ಲಿ ಕೂಡತಕ್ಕವರಿಲ್ಲ.

ಎರವಲು ಪಡೆದುದೇ ದೋಷವೆಂದು ಯಾರೂ ಭಾವಿಸಬಾರದು. ಅಕ್ಬರನು 1571ರಲ್ಲಿ ಆರಂಭಿಸಿದ ಫತೇಪುರ ಸಿಕ್ರಿಯ ಕಟ್ಟಡಗಳಲ್ಲಿ ಗುಜರಾತ ರಾಜಸ್ಥಾನಗಳ ಚಾಚುಕಂಬಗಳೂ ಪಾರಸೀಕರ ಕಮಾನುಗಳೂ ಒಂದಾಗಿ ಬೆರೆತಿವೆ. ಅಲ್ಲಿ ಎರವಲು ಏಕೆ ಒಪ್ಪಿತು? ರೂಪದೊಡನೆ ಆ ರೂಪವನ್ನು ಬಲ್ಲ ಕೈಗಳೂ ಬಂದುವು. ಕೆತ್ತಿದವರು ತಮ್ಮ ತಂದೆತಾತಂದಿರ ವಿದ್ಯೆಯನ್ನೇ ಕೆತ್ತಿದರು. ಹವೆಯೂ ಬಿಸಿಲೂ ಒಂದೇ ಆಗಿದ್ದುವು. ಸೀಜಿನ್‌ಕೋಟ್‌ನಲ್ಲಿ ರೂಪವು ಕಾಗದದ ಮೇಲೆ ಬಂದಿತು. ಅದನ್ನು ಕಲ್ಲಿಗೆ ಇಳಿಸಿದ ಇಂಗ್ಲಿಷ್ ಕಲ್ಲುಕುಟಿಗರು ಅತಿ ನಿಷ್ಠೆಯಿಂದ ಕೆತ್ತಿದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಿಷ್ಠೆಯಿಂದ ನಕಲು ಮಾಡಿದ ಶ್ಲೋಕಕ್ಕೂ ಅರ್ಥವರಿತು ಉಚ್ಚರಿಸಿದ ಶ್ಲೋಕಕ್ಕೂ ಅಂತರವುಂಟಷ್ಟೆ.

ಅರ್ಥವನ್ನು ತಿಳಿಯುವ ಸಾಧನವು ಆ ಕಾಲದಲ್ಲಿ ಅವರಿಗೆ ಇರಲಿಲ್ಲವೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಭಾರತೀಯ ಶಿಲ್ಪಶಾಸ್ತ್ರದ ಪ್ರಮಾಣಗಳನ್ನು ಗ್ರಂಥಗಳಿಂದ ಶೋಧಿಸಿ ಇಂಗ್ಲಿಷಿನಲ್ಲಿ ಮೊದಲಿಗೆ ವಿವರಿಸಿದವನು ಬೆಂಗಳೂರಿನಲ್ಲಿ ನ್ಯಾಯಾಧಿಕಾರಿಯಾಗಿದ್ದ ರಾಮರಾಜನು. ಮಾನಸಾರವೇ ಮೊದಲಾದ ಗ್ರಂಥಗಳ ಓಲೆಗಳನ್ನು ಕೂಡಿಸಿ, ಶಾಸ್ತ್ರದ ಪಾರಿಭಾಷಿಕ ಪದಗಳಿಗೆ ಕಸುಬಿನ ಶಿಲ್ಪಿಗಳಿಂದ ಅರ್ಥವನ್ನು ಕೇಳಿ ತಿಳಿದು, ಆತನು ಬರೆದ ಪ್ರಬಂಧವು ಆತನ ಮರಣಾನಂತರ 1834ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯಿಂದ ಪ್ರಕಟವಾಯಿತು. ಡೇನಿಯೆಲ್ಲನು ಚಿತ್ರವನ್ನು ಒಯ್ದನು. ರಾಮರಾಜನು ವ್ಯಾಕರಣವನ್ನು ಕಳುಹಿಸಿದನು. ಆದರೆ ವ್ಯಾಕರಣವು ತಲಪುವಷ್ಟರಲ್ಲಿ ಸೀಜಿನ್‌ಕೋಟ್ ಸೌಧವು ಎದ್ದು ಸುಮಾರು ಮೂವತ್ತು ವರ್ಷಗಳಾಗಿದ್ದುವು, ಆ ಬಗೆಯ ಕಟ್ಟಡಗಳ ಮೋಹವೂ ಇಂಗ್ಲೆಂಡಿನಲ್ಲಿ ಇಳಿದುಹೋಗಿತ್ತು.

ಇಷ್ಟರಿಂದ ಈ ಸೌಧವು ಬರಿಯ ವೇಷವೆಂದು ತಳ್ಳಿಹಾಕುವುದು ಸುಲಭ. ಆದರೆ ಮನೆಯಿಂದ ಹೊರಬಂದು ಉದ್ಯಾನದ ಇಳಿಜಾರನ್ನು ನೋಡಿದ ಸಹೃದಯನು ಹಾಗೆ ಹೇಳಲಾರನು. ಅಲ್ಲಿ ಬೆಟ್ಟದ ಒರತೆಯ ನೀರು ಮೇಲಿನಿಂದ ಕೆಳಗೆ ಕೊಳದಿಂದ ಕೊಳಕ್ಕೆ ಇಳಿಯುತ್ತ ಬರುತ್ತದೆ. ನೆತ್ತಿಯಲ್ಲಿ ಸೂರ್ಯನ ಚಿಕ್ಕ ಗುಡಿ, ಅದರ ಮುಂದೆ ಒಂದು ಕೊಳ. ಕೆಳಗೆ ಹಾದಿಯನ್ನು ಹೊತ್ತ ಸೇತುವೆ, ಅದರ ಗಟ್ಟಿಯಾದ ಕಂಬಗಳು ಎಲಿಫೆಂಟಾ ಗುಹೆಯ ಕಂಬಗಳ ಮಾದರಿಯವು. ಸೇತುವೆಯ ಮೇಲೆ ಮಲಗಿದ ಬಸವಗಳು. ಅಲ್ಲಿಂದ ಕೆಳಗಿನ ಕೊಳದಲ್ಲಿ ಮರದ ಬೊಡ್ಡೆಯನ್ನು ಸುತ್ತಿಕೊಂಡು ನೀರನ್ನು ಚಿಮ್ಮುವ ಮೂರು ಹೆಡೆಯ ಸರ್ಪ. ಸುತ್ತಲೂ ಆ ದೇಶದ ಹಸುರು, ಆ ದೇಶದ ಮಂಜು. ಈ ನೋಟವು ಕೃತಕವೆಂದು ಮನಸ್ಸಿಗೆ ತೋರುವುದಿಲ್ಲ. ಕಾರಣವು ಸ್ಪಷ್ಟ. ಇಂಗ್ಲಿಷರ ಆ ಕಾಲದ ಉದ್ಯಾನವು ತಾನೇ ಒಂದು ಚಿತ್ರ; ನೋಡುವುದಕ್ಕಾಗಿಯೇ ಮಾಡಿದುದು; ತಿರುವು ತಿರುವಿಗೆ ಒಂದೊಂದು ದೃಶ್ಯವು ತೆರೆಯಬೇಕೆಂಬುದು ಅದರ ಧರ್ಮ. ಚಿತ್ರದಿಂದ ಬಂದುದನ್ನು ಚಿತ್ರದಲ್ಲಿಯೇ ಇರಿಸಿದುದರಿಂದ ಅದು ಸ್ಥಾನದಲ್ಲಿ ನಿಂತಿತು. ಮನೆಯು ವಾಸಿಸುವುದಕ್ಕಾಗಿ ಇರುವುದರಿಂದ ಅಲ್ಲಿ ಅದೇ ಚಿತ್ರವು ಹೊದಿಕೆಯಾಗಿ ಉಳಿಯಿತು. ಡೇನಿಯೆಲ್ಲನ ಪ್ರತಿಭೆಯು ಇಳಿಜಾರಿನಲ್ಲಿ ಗೆದ್ದು ಗೋಡೆಯಲ್ಲಿ ಸೋತುದು ಆತನ ಕೈಚಳಕದ ಏರಿಳಿತದಿಂದಲ್ಲ, ಔಚಿತ್ಯದ ನಿಯಮದಿಂದ.

ಉದ್ಯಾನದ ಈ ಗೆಲವಿನಲ್ಲಿಯೂ ಒಂದು ಕೊರತೆಯಿದೆ, ಅದನ್ನು ಮುಚ್ಚಿಡಲಾಗದು. ಶಿವಾಲಯದ ನಂದಿಯು ಗರ್ಭಗೃಹದ ಕಡೆಗೆ ಮುಖಮಾಡಿ ಕುಳಿತಿರುವುದು. ಅದರ ದೃಷ್ಟಿಯು ಎಲ್ಲಿ ನೆಟ್ಟಿದೆಯೋ ಅದರಿಂದಲೇ ಅದರ ಅರ್ಥ. ಸೀಜಿನ್‌ಕೋಟ್‌ನ ಬಸವಗಳಾದರೋ ಸೇತುವೆಯ ಅಲಂಕಾರಗಳು. ಸೂರ್ಯನ ಗುಡಿಯಲ್ಲಿ ಕೋಡ್ ಕಲ್ಲೆಂಬ ಕೃತಕಶಿಲೆಯಲ್ಲಿ ಎರೆದ ಮೂರ್ತಿಯಿದೆ, ಪ್ರತಿಷ್ಠೆಯಿಲ್ಲ, ಅರ್ಘ್ಯವಿಲ್ಲ. ಮುಂದಿನ ನೀರು ತೀರ್ಥವಲ್ಲ. ಇದನ್ನು ಅಪಚಾರವೆಂದು ಕೋಪಿಸುವವರಿರಬಹುದು, ಇಂಗ್ಲಿಷರೂ ಆದಿತ್ಯನಿಗೆ ಗುಡಿ ಕಟ್ಟಿದರೆಂದು ಹಿಗ್ಗುವವರೂ ಇರಬಹುದು. ಇವೆರಡೂ ಅವಿಚಾರದ ಮಾತುಗಳೇ. ಅದೇ ಇಂಗ್ಲಿಷರು ತಮ್ಮ ಉದ್ಯಾನಗಳಲ್ಲಿ ಅಪೋಲೋ, ವೀನಸ್ ಮೊದಲಾದ ಗ್ರೀಕ್ ರೋಮನ್ ದೇವತೆಗಳನ್ನೂ ಹೀಗೆಯೇ ನಿಲ್ಲಿಸುತ್ತಿದ್ದರು. ಆದರೆ ಒಂದು ಭೇದವನ್ನು ಮರೆಯಬಾರದು. ಅಪೋಲೋವಿನ ಪೂಜೆಯು ಎಂದೋ ನಿಂತುಹೋಗಿತ್ತು. ಸೂರ್ಯನಿಗಾದರೋ ಆ ಗುಡಿಯನ್ನು ಕಟ್ಟಿದ ದಿನವೂ ಗಂಗೆಯಲ್ಲಿ ಕಾವೇರಿಯಲ್ಲಿ ಅರ್ಘ್ಯವು ಸಲ್ಲುತ್ತಿತ್ತು, ಇಂದಿಗೂ ಸಲ್ಲುತ್ತಿದೆ. ಬದುಕಿರುವ ದೇವತೆಯನ್ನು ಗತಿಸಿದ ದೇವತೆಗಳ ಸಾಲಿನಲ್ಲಿ ನಿಲ್ಲಿಸಿದುದು ದ್ವೇಷದ ಕಾರ್ಯವಲ್ಲ. ಒಂದು ಜನತೆಯ ನಂಬಿಕೆಯನ್ನು ದೃಶ್ಯವೆಂದು ಮಾತ್ರ ಕಾಣುವ ಕಣ್ಣಿನ ಕಾರ್ಯ. ಆಳುವವರ ಕಣ್ಣು ಬಹುಶಃ ಹಾಗೆಯೇ ಕಾಣುವುದು.

ಐಶ್ವರ್ಯದ ಮೂಲವೂ ವಿಮರ್ಶೆಗೆ ಹೊರಗಲ್ಲ. 1765ರಲ್ಲಿ ಬಂಗಾಳದ ದಿವಾನಿಯು ಕಂಪನಿಗೆ ದೊರೆತ ಬಳಿಕ ಅಲ್ಲಿಂದ ದ್ರವ್ಯವನ್ನು ಸಂಪಾದಿಸಿ ಹಿಂದಿರುಗಿದವರನ್ನು ಇಂಗ್ಲೆಂಡಿನ ಜನರು ‘ನೇಬಾಬ’ರೆಂದು ಹಾಸ್ಯಮಾಡುತ್ತಿದ್ದರು. ಇಂತಹವರಲ್ಲಿ ಬಹುಮಂದಿ ತಮ್ಮ ಹಣದ ಊರನ್ನು ಮರೆಯಿಸುವಂತೆ ಶಿಷ್ಟ ಸಂಪ್ರದಾಯದ ಮನೆಗಳನ್ನು ಕಟ್ಟಿಸಿದರು. ಕ್ಲೈವನ ಕ್ಲೇರ್‌ಮಾಂಟ್, ಫ್ರಾನ್ಸಿಸ್ ಸೈಕ್ಸನ ಬ್ಯಾಸಿಲ್ಡನ್ ಪಾರ್ಕ್ ಮೊದಲಾದುವುಗಳ ಮುಖವನ್ನು ನೋಡಿದರೆ ಬಂಗಾಳದ ಸುಳಿವೂ ಹತ್ತದು. ಇದೇ ಕಾಕರೆಲ್ಲನು ವಾರನ್ ಹೇಸ್ಟಿಂಗ್ಸನಿಗಾಗಿ ಸಮೀಪದ ಡೇಲ್ಸ್‌ಫರ್ಡ್‌ನಲ್ಲಿ ಕಟ್ಟಿದ ಮನೆಯಲ್ಲಿಯೂ ಗುಮ್ಮಟದ ರೂಪದಲ್ಲಿ ಮಾತ್ರ ಪೌರಸ್ತ್ಯದ ಮಂದವಾದ ಛಾಯೆಯಿದೆ. ಸೀಜಿನ್‌ಕೋಟ್ ಒಂದೇ ತನ್ನ ಹಣವು ಎಲ್ಲಿಂದ ಬಂದಿತೆಂಬುದನ್ನು ಗುಮ್ಮಟದ ತುದಿಯಿಂದ ಸಾರಿ ಹೇಳುತ್ತದೆ. ಕಟ್ಟಿಸಿದವನ ಉದ್ದೇಶವು ಅದಾಗಿರದಿದ್ದರೂ ಕಟ್ಟಡವು ಆಡುವ ಸತ್ಯವು ಅದು. ಒಳಗೂ ಹೊರಗೂ ಹೊಂದದಿರುವ ಈ ಮನೆಯೇ, ಒಳಗೆ ಇಂಗ್ಲೆಂಡೂ ಹೊರಗೆ ಭಾರತವೂ ಆಗಿದ್ದ ಆ ಕಾಲದ ಸಿರಿವಂತಿಕೆಯ ಸರಿಯಾದ ಪ್ರತಿಬಿಂಬವೆಂದು ಹೇಳಬಹುದು. ಶಿಲ್ಪದ ದೋಷವು ಚರಿತ್ರೆಗೆ ಗುಣವಾಗಿ ಪರಿಣಮಿಸುವುದು ಹೀಗೆ.

ಬ್ರೈಟನ್ ನಗರದ ರಾಜಭವನದೊಡನೆ ಇದನ್ನು ಹೋಲಿಸುವುದು ವಾಡಿಕೆ. ಮುಂದೆ ನಾಲ್ಕನೆಯ ಜಾರ್ಜ್ ದೊರೆಯಾದ ರಾಜಕುಮಾರನು 1807ರಲ್ಲಿ ಸೀಜಿನ್‌ಕೋಟ್‌ಗೆ ಬಂದು ನೋಡಿ ಬ್ರೈಟನ್ನಿನಲ್ಲಿ ಅಂಥದನ್ನು ಬಯಸಿದನೆಂದು ಹೇಳುವುದುಂಟು. ಈ ಮಾತನ್ನು ಪೂರ್ಣವಾಗಿ ಒಪ್ಪಲಾಗದು. ವಿಲಿಯಂ ಪಾರ್ಡೆನ್ನನು ಬ್ರೈಟನ್ನಿನ ಗುಮ್ಮಟದ ಕುದುರೆಲಾಯವನ್ನು 1803ರ ಸುಮಾರಿಗೇ ಆರಂಭಿಸಿದ್ದನು. ಸೀಜಿನ್‌ಕೋಟ್‌ನ್ನು ಬಲ್ಲ ರೆಪ್ಟನ್ನನು ರಾಜಕುಮಾರನಿಗಾಗಿ ಭಾರತೀಯ ಮಾದರಿಯ ನಕ್ಷೆಗಳನ್ನು ಸಿದ್ಧಪಡಿಸಿದುದು 1806ರಲ್ಲಿ. ಆದುದರಿಂದ ಒಂದು ಭೇಟಿಯಿಂದ ಬ್ರೈಟನ್ ಹುಟ್ಟಲಿಲ್ಲ; ರೆಪ್ಟನ್ನನ ಮೂಲಕ ಸೀಜಿನ್‌ಕೋಟ್‌ನ ಪ್ರಭಾವವು ಅಲ್ಲಿಗೆ ಹರಿಯಿತೆಂಬಷ್ಟೇ ಸರಿ. ಕೊನೆಗೆ 1815ರಿಂದ 1823ರವರೆಗೆ ಜಾನ್ ನ್ಯಾಶನು ಕಟ್ಟಿದ ಭವನದಲ್ಲಿ ಹೊರಗೆ ಭಾರತ, ಒಳಗೆ ಚೀಣ, ಎಲ್ಲೆಲ್ಲಿಯೂ ಅತಿಶಯೋಕ್ತಿ. ಅದರ ಪಕ್ಕದಲ್ಲಿ ಸೀಜಿನ್‌ಕೋಟ್ ಮಿತಭಾಷಿಯಾಗಿ ಕಾಣುವುದು. ಅದರ ರೂಪಗಳು ಎರವಲಾದರೂ ಯಥಾರ್ಥವಾದುವು, ಕಲ್ಪಿಸಿಕೊಂಡುವಲ್ಲ. ಕಂಡುದನ್ನು ಕಂಡಂತೆ ಹೇಳುವ ಸಂಯಮವು ಡೇನಿಯೆಲ್ಲನಿಂದ ಅದಕ್ಕೆ ಬಂದ ಗುಣ.

ಕಟ್ಟಡಗಳನ್ನು ಪಟ್ಟಿಮಾಡಿ ಕಾಯುವ ಪದ್ಧತಿಯನ್ನು ಇಂಗ್ಲೆಂಡಿನಲ್ಲಿ 1947ರ ಶಾಸನವು ವ್ಯವಸ್ಥಿತಗೊಳಿಸಿತು. ಈಗ 1990ರ ಶಾಸನವು ಅದನ್ನು ನಡೆಸುತ್ತಿದೆ. ಅಸಾಧಾರಣ ಮಹತ್ವವುಳ್ಳುವೆಂದು ಎಣಿಸುವ ಪ್ರಥಮ ಶ್ರೇಣಿಗೆ, ಪಟ್ಟಿಯಲ್ಲಿರುವ ಕಟ್ಟಡಗಳಲ್ಲಿ ನೂರಕ್ಕೆ ಎರಡೂವರೆಯಷ್ಟು ಮಾತ್ರ ಸೇರುವುವು. ಸೀಜಿನ್‌ಕೋಟ್ ಸೌಧವು ಆ ಶ್ರೇಣಿಯದು. ಅಪ್ಪಣೆಯಿಲ್ಲದೆ ಅದರ ರೂಪವನ್ನು ಮಾರ್ಪಡಿಸಕೂಡದು. ಒಳಗಿನ ಭಾಗಕ್ಕೂ ಈ ನಿರ್ಬಂಧವು ಅನ್ವಯಿಸುವುದು. ಒಳಗೂ ಹೊರಗೂ ಹೊಂದದ ಮನೆಯ ವಿಷಯದಲ್ಲಿ ಇದು ಅತಿ ಮುಖ್ಯವಾದ ಮಾತು. ಒಂದನ್ನು ಮತ್ತೊಂದಕ್ಕೆ ಹೊಂದಿಸಲು ಹೋದರೆ ಮನೆಯು ಹೇಳುವ ಸತ್ಯವೇ ಅಳಿದುಹೋದೀತು. 1944ರಲ್ಲಿ ಅದನ್ನು ಕೊಂಡ ಕ್ಲೈನ್‌ವರ್ಟ್ ಮನೆತನದವರು ಜೀರ್ಣವಾಗಿದ್ದ ಸೌಧವನ್ನೂ ಉದ್ಯಾನವನ್ನೂ ಶ್ರದ್ಧೆಯಿಂದ ಉದ್ಧರಿಸಿದರು. 1960ರ ದಶಕದಲ್ಲಿ ಆ ಮನೆಯೊಡತಿಯು ಭಾರತದಲ್ಲಿ ಸಂಚರಿಸಿ ಬಂದ ಮೇಲೆ ಸೌಧದ ದಕ್ಷಿಣಕ್ಕೆ ನೇರವಾದ ಕಾಲುವೆಯುಳ್ಳ ಮೊಗಲ್ ರೀತಿಯ ತೋಟವನ್ನು ಮಾಡಿಸಿದಳು. ಡೇನಿಯೆಲ್ಲನು ಗೋಡೆಗೆ ಕೊಟ್ಟು ಅಂಗಳಕ್ಕೆ ಕೊಡದಿದ್ದುದನ್ನು ಈ ತೋಟವು ನೂರೈವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಕೊಟ್ಟಿತು. ಮೊಗಲ್ ಮುಖವು ಈಗ ಮೊಗಲ್ ನೀರಿನಲ್ಲಿ ತನ್ನನ್ನು ನೋಡಿಕೊಳ್ಳುತ್ತದೆ. ಆ ಒಂದು ಪಾರ್ಶ್ವದಲ್ಲಿ ಔಚಿತ್ಯವು ತಡವಾಗಿಯಾದರೂ ಸಿದ್ಧಿಸಿತು.

ಒಟ್ಟಿನಲ್ಲಿ ಸೀಜಿನ್‌ಕೋಟ್ ಸೌಧವು ಮನೆಯಾಗಿ ಅರ್ಧ ಸಫಲ, ಉದ್ಯಾನವಾಗಿ ಬಹುಮಟ್ಟಿಗೆ ಸಫಲ, ಚರಿತ್ರೆಯ ಸಾಕ್ಷಿಯಾಗಿ ಪೂರ್ಣ ಸಫಲ. ಸಾಕ್ಷಿಯನ್ನು ಹೊಗಳುವುದೂ ಬೇಡ, ಗದರಿಸುವುದೂ ಬೇಡ. ಅದರ ಮಾತನ್ನು ಕೊನೆಯವರೆಗೆ ಕೇಳಬೇಕು. ರೂಪವನ್ನು ಒಯ್ದವನು ಅರ್ಥವನ್ನು ಒಯ್ದಂತಾಗಲಿಲ್ಲವೆಂದು ಅದು ಹೇಳುತ್ತದೆ. ಆ ಅರ್ಥವನ್ನು ಶೋಧಿಸಿ ಬರೆದ ರಾಮರಾಜನ ಹೆಸರು ಆತನು ಬಾಳಿದ ನಾಡಿನ ಎಷ್ಟು ಮನೆಗಳಲ್ಲಿ ಪರಿಚಿತವಾಗಿದೆ ಎಂಬ ಪ್ರಶ್ನೆಯು ಈ ಮಾತಿನ ಬೆನ್ನಿಗೇ ಏಳುವುದು. ಇದಕ್ಕೆ ಉತ್ತರವನ್ನು ಗ್ಲಾಸ್ಟರ್‌ಷೈರಿನಿಂದ ನಿರೀಕ್ಷಿಸಲಾಗದು. ಅದು ಕನ್ನಡನಾಡಿನ ಗ್ರಂಥಭಂಡಾರಗಳಿಂದಲೂ ಪಾಠಶಾಲೆಗಳಿಂದಲೂ ಬರತಕ್ಕದ್ದು.